ಪ್ರಶ್ನೆ ಕೇಳುವವರ ಧರ್ಮ

ಪ್ರಶ್ನೆ ಕೇಳುವದು ಸುಲಭ, ಉತ್ತರ ಹೇಳುವದು ಕಷ್ಟ ಎಂದು ಜನರು ಹೇಳುವದುಂಟು. ಹಲವು ವರ್ಷ ಪಾಠಶಾಲೆಯಲ್ಲಿ ಪ್ರಶ್ನೆ ಕೇಳುತ್ತ ಬಂದ ನಮ್ಮಂಥವರಿಗೆ ಈ ಮಾತು ಪೂರ್ಣ ಸತ್ಯವೆಂದು ತೋರುವದಿಲ್ಲ. ಉತ್ತರ ಹೇಳುವವಳಿಗೆ ತನ್ನ ತಿಳುವಳಿಕೆಯೂ ನೆನಪೂ ಇದ್ದರೆ ಸಾಕು. ಕೇಳುವವರಿಗಾದರೋ ನ್ಯಾಯ, ತಾಳ್ಮೆ, ದಯೆ ಈ ಮೂರೂ ಬೇಕು. ಈ ಸಂಗತಿಯನ್ನು ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮಗಳ ಮೂಲಕ ಸ್ವಲ್ಪ ವಿಚಾರಿಸಿ ನೋಡಬೇಕೆಂಬುವದು ಈ ಪಾಠದ ಉದ್ದೇಶವಾಗಿರುತ್ತದೆ. ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿಯೂ ಅವರ ಮನೆಯವರಲ್ಲಿಯೂ ಇಂಥ ಕಾರ್ಯಕ್ರಮಗಳನ್ನು ನೋಡದೆ ಇದ್ದವರು ವಿರಳ. ಸ್ಪರ್ಧಿಯು ಬಾಯಿ ತೆರೆಯುವ ಮೊದಲೇ ನಾವು ಕುಳಿತಲ್ಲಿಂದ ಉತ್ತರ ಕೂಗುತ್ತೇವೆ, ಸರಿಯಾದರೆ ಹಿಗ್ಗುತ್ತೇವೆ. ಆದರೆ ಉತ್ತರದ ಮೇಲೆಯೇ ಕಣ್ಣಿಟ್ಟಿರುವ ನಾವು, ಪ್ರಶ್ನೆಯನ್ನು ಕೇಳಿದವರು ಹೇಗೆ ಕೇಳಿದರು, ಯಾವ ಕಟ್ಟಳೆಯ ಪ್ರಕಾರ ಕೇಳಿದರು ಎಂಬದನ್ನು ಗಮನಿಸುವದು ಕಡಮೆ.

ಪ್ರಶ್ನೆಯಾಟವು ಹೊಸದಲ್ಲ. ಶೆಬದ ರಾಣಿಯು ಕಠಿಣವಾದ ಪ್ರಶ್ನೆಗಳೊಂದಿಗೆ ಸೊಲೊಮೋನನನ್ನು ಪರೀಕ್ಷಿಸಲು ಬಂದಳೆಂದು ಸತ್ಯವೇದದಲ್ಲಿ ಓದುತ್ತೇವೆ. ಸಂಸೋನನು ತನ್ನ ಮದುವೆಯ ಔತಣದಲ್ಲಿ ಮೂವತ್ತು ಮಂದಿಗೆ ಒಂದು ಒಗಟು ಹಾಕಿದನು. ಅದಕ್ಕೆ ಏಳು ದಿನಗಳ ಅವಧಿಯೂ ಮೂವತ್ತು ಜೊತೆ ವಸ್ತ್ರಗಳ ಪಣವೂ ನೇಮಕವಾಗಿದ್ದವು. ಆ ಮೂವತ್ತು ಮಂದಿ ಒಗಟನ್ನು ಬಿಡಿಸಲಾರದೆ ಮದುವಣಗಿತ್ತಿಯನ್ನು ಬೆದರಿಸಿ ಉತ್ತರವನ್ನು ಕದ್ದರು. ಅದರಿಂದ ಹುಟ್ಟಿದ ವೈರವು ಎಷ್ಟೋ ಪ್ರಾಣಗಳನ್ನು ತೆಗೆದುಕೊಂಡಿತು. ಮಹಾಭಾರತದ ಯಕ್ಷನಾದರೋ ಉತ್ತರ ಹೇಳದೆ ನೀರು ಕುಡಿಯಕೂಡದೆಂಬ ನಿಯಮವನ್ನು ಎಲ್ಲರಿಗೂ ಮೊದಲೇ ಸಾರಿ ಹೇಳಿದನು, ಮೀರಿದವರು ಬಿದ್ದರು, ಧರ್ಮರಾಜನು ತಾಳ್ಮೆಯಿಂದ ಉತ್ತರಿಸಿದಾಗ ಆ ಕಠಿಣನಾದ ಪ್ರಶ್ನಕರ್ತನೇ ಬಿದ್ದವರಿಗೆ ಜೀವವನ್ನು ಮರಳಿ ಕೊಟ್ಟನು. ಒಂದು ಆಟದಲ್ಲಿ ನಿಯಮ ಮುರಿಯಿತು, ಮನುಷ್ಯರು ಕೆಟ್ಟರು. ಇನ್ನೊಂದರಲ್ಲಿ ನಿಯಮ ನಿಂತಿತು, ಕೇಳಿದವನ ದಯೆಯೂ ನಿಂತಿತು. ನಮ್ಮ ಕಾಲದ ದೂರದರ್ಶನದ ಆಟಗಳೂ ಈ ಎರಡು ಅಂಗಗಳ ಮೇಲೆಯೇ ನಡೆಯುತ್ತವೆ. ಮೊದಲನೆಯದು ನಿಯಮ, ಎರಡನೆಯದು ಕೇಳುವವರ ರೀತಿ. ಯಾವ ವಿಧವಾದ ಜ್ಞಾನವು ಹೊರಗೆ ಬರಬೇಕೆಂಬದನ್ನು ನಿಯಮವು ನಿರ್ಣಯಿಸುತ್ತದೆ. ತಪ್ಪಿದವಳು ಯಾವ ಮನಸ್ಸಿನಿಂದ ಮನೆಗೆ ಹೋಗುವಳೆಂಬದನ್ನು ಕೇಳುವವರ ರೀತಿಯು ನಿರ್ಣಯಿಸುತ್ತದೆ.

ಮೋಸದ ಕಥೆ

ನಿಯಮವು ಕೇವಲ ಕಾಗದದಲ್ಲಿದ್ದರೆ ಏನಾಗುವದೆಂಬದಕ್ಕೆ ಅಮೇರಿಕದಲ್ಲಿ ೧೯೫೦ರ ದಶಕದಲ್ಲಿ ನಡೆದ ಸಂಗತಿಯು ದೊಡ್ಡ ಸಾಕ್ಷಿಯಾಗಿದೆ. ‘ಟ್ವೆಂಟಿ-ಒನ್’ ಎಂಬ ಕಾರ್ಯಕ್ರಮವು ೧೯೫೬ರಲ್ಲಿ ಆರಂಭವಾಯಿತು. ಇಬ್ಬರು ಸ್ಪರ್ಧಿಗಳನ್ನು ಬೇರೆ ಬೇರೆ ಗಾಜಿನ ಗೂಡುಗಳಲ್ಲಿ ನಿಲ್ಲಿಸಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತೆ ಮಾಡಿ, ಪ್ರಶ್ನೆಗಳನ್ನು ಹಾಕುತ್ತಿದ್ದರು. ಮೊದಲು ಇಪ್ಪತ್ತೊಂದು ಅಂಕಗಳನ್ನು ಮುಟ್ಟಿದವರಿಗೆ ಜಯ. ನೋಡುವವರಿಗೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇರಲಾರದೆಂದು ತೋರಿತು. ಆದರೆ ತೆರೆಯ ಹಿಂದೆ ಕಾರ್ಯಕ್ರಮದ ನಿರ್ಮಾಪಕರೇ ಪ್ರಶ್ನೋತ್ತರಗಳನ್ನು ಸ್ಪರ್ಧಿಗಳಿಗೆ ಮುಂಚಿತವಾಗಿ ಕಲಿಸಿಕೊಡುತ್ತಿದ್ದರು. ಎಲ್ಲಿ ತಡವರಿಸಬೇಕು, ಯಾವಾಗ ಹಣೆಯ ಬೆವರನ್ನು ಒರಸಿಕೊಳ್ಳಬೇಕು ಎಂಬದು ಸಹ ಪಾಠವಾಗುತ್ತಿತ್ತು. ಹರ್ಬರ್ಟ್ ಸ್ಟೆಂಪೆಲ್ ಎಂಬವರು ಕೆಲವು ವಾರ ಗೆದ್ದ ಬಳಿಕ ಅವರನ್ನು ಸೋಲಿಸಬೇಕೆಂದು ನಿರ್ಮಾಪಕರು ನಿಶ್ಚಯಿಸಿದರು. ೧೯೫೫ರ ಶ್ರೇಷ್ಠ ಚಲನಚಿತ್ರವೆಂದು ಆಸ್ಕರ್ ಬಹುಮಾನ ಪಡೆದದ್ದು ಯಾವದೆಂಬ ಪ್ರಶ್ನೆ ಬಂತು. ‘ಮಾರ್ಟಿ’ ಎಂಬ ಉತ್ತರವು ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಅಪ್ಪಣೆಯ ಪ್ರಕಾರ ಬೇಕೆಂದೇ ತಪ್ಪು ಹೇಳಬೇಕಾಯಿತು.

ಅವರ ಸ್ಥಾನಕ್ಕೆ ಬಂದವರು ಕೊಲಂಬಿಯ ವಿಶ್ವವಿದ್ಯಾನಿಲಯದ ಉಪಾಧ್ಯಾಯರಾದ ಚಾರ್ಲ್ಸ್ ವ್ಯಾನ್ ಡೋರೆನ್. ವಿದ್ವಾಂಸರ ಮನೆತನದವರು, ನೋಡಲು ಸುಂದರರು, ಮಾತಿನಲ್ಲಿ ವಿನಯಶೀಲರು. ಅವರನ್ನು ದೇಶವೇ ಮೆಚ್ಚಿಕೊಂಡಿತು. ಗುಟ್ಟು ೧೯೫೮ರಲ್ಲಿ ಹೊರಬಿತ್ತು. ೧೯೫೯ರ ನವಂಬರದಲ್ಲಿ ವ್ಯಾನ್ ಡೋರೆನ್ನರು ಅಮೇರಿಕದ ಪ್ರತಿನಿಧಿ ಸಭೆಯ ಸಮಿತಿಯ ಮುಂದೆ ನಿಂತು ತಾವು ಮೋಸದಲ್ಲಿ ಪಾಲುಗಾರರೆಂದು ಒಪ್ಪಿಕೊಂಡರು. ಉಪಾಧ್ಯಾಯ ವೃತ್ತಿಯನ್ನೂ ಕಳೆದುಕೊಂಡರು. ೧೯೬೦ರಲ್ಲಿ ಇಂಥ ಮೋಸವನ್ನು ಅಪರಾಧವೆಂದು ನಿರ್ಣಯಿಸುವ ಕಾಯಿದೆ ಆಯಿತು. ಇಲ್ಲಿ ಒಂದು ಸಂಗತಿಯನ್ನು ನೋಡಿರಿ. ಸ್ಟೆಂಪೆಲ್ಲರಿಗೂ ವ್ಯಾನ್ ಡೋರೆನ್ನರಿಗೂ ವಿದ್ಯೆಯ ಕೊರತೆ ಇರಲಿಲ್ಲ. ನೇರಾಗಿ ಆಡಿದ್ದರೆ ಕೆಲವನ್ನು ಗೆಲ್ಲುತ್ತಿದ್ದರು, ಕೆಲವನ್ನು ಸೋಲುತ್ತಿದ್ದರು, ತಲೆಯೆತ್ತಿ ಮನೆಗೆ ಹೋಗುತ್ತಿದ್ದರು. ಕೇಳುವವರ ಪಕ್ಷವು ಕೆಟ್ಟದ್ದರಿಂದ ಉತ್ತರಿಸುವವರ ನಿಜವಾದ ವಿದ್ಯೆಯೂ ಸುಳ್ಳೆಂಬಂತಾಯಿತು.

ಕಾದು ಕೇಳುವ ನಿಯಮ

ಈ ಅಪಕೀರ್ತಿಯ ತರುವಾಯ ಅಲ್ಲಿಯ ದೂರದರ್ಶನದವರು ರಸಪ್ರಶ್ನೆಯ ಹೆಸರೆತ್ತಲು ಅಂಜುತ್ತಿದ್ದರು. ಆಗ ಮರ್ವ್ ಗ್ರಿಫಿನ್ ಎಂಬವರ ಹೆಂಡತಿಯಾದ ಜೂಲಾನ್ ಅವರು ಗಂಡನಿಗೆ ಒಂದು ಸೂಚನೆಯನ್ನು ಕೊಟ್ಟರು: ಉತ್ತರ ಕೊಟ್ಟದ್ದೇ ಅಪರಾಧವಾಯಿತಲ್ಲ, ಹಾಗಾದರೆ ಎಲ್ಲರೆದುರಿಗೆ ಉತ್ತರವನ್ನೇ ಕೊಟ್ಟುಬಿಡಿರಿ, ಸ್ಪರ್ಧಿಗಳು ಪ್ರಶ್ನೆಯನ್ನು ಹೇಳಲಿ. ೫,೨೮೦ ಎಂದು ಹೇಳಿದರೆ, ಒಂದು ಮೈಲಿಗೆ ಎಷ್ಟು ಅಡಿ ಎಂಬುವದು ಅದರ ಪ್ರಶ್ನೆ. ಈ ಬುದ್ಧಿವಂತ ಸ್ತ್ರೀಯ ಮಾತಿನಿಂದ ಹುಟ್ಟಿದ ‘ಜೆಪರ್ಡಿ’ ಎಂಬ ಆಟವು ೧೯೬೪ರಲ್ಲಿ ಆರಂಭವಾಯಿತು. ಮಧ್ಯದಲ್ಲಿ ನಿಂತುಹೋಗಿ, ೧೯೮೪ರಲ್ಲಿ ಅಲೆಕ್ಸ್ ಟ್ರೆಬೆಕ್ ಅವರ ನಿರೂಪಣೆಯಲ್ಲಿ ಹೊಸದಾಗಿ ಹುಟ್ಟಿತು. ಅವರು ೨೦೨೦ರಲ್ಲಿ ತೀರಿಕೊಳ್ಳುವ ವರೆಗೂ ಆ ಸ್ಥಾನದಲ್ಲಿದ್ದರು.

ಹೊಸ ಆಟದ ಮೊದಲನೆಯ ವರ್ಷದಲ್ಲಿ, ನಿರೂಪಕರು ವಾಕ್ಯವನ್ನು ಓದಿ ಮುಗಿಸುವ ಮೊದಲೇ ಸ್ಪರ್ಧಿಗಳು ಗುಂಡಿಯನ್ನು ಒತ್ತಬಹುದಾಗಿತ್ತು. ಇದರಿಂದ ಆತುರಗಾರರಿಗೆ ಲಾಭವಾಯಿತು. ಪೂರ್ತಿ ಕೇಳಿಸಿಕೊಂಡು ಯೋಚಿಸುವವರಿಗೂ ಮನೆಯಲ್ಲಿ ಕುಳಿತು ನೋಡುವವರಿಗೂ ನಷ್ಟವಾಯಿತು. ೧೯೮೫ರಿಂದ ನಿಯಮವನ್ನು ಬದಲಿಸಿದರು. ವಾಕ್ಯವನ್ನು ಓದಿ ಮುಗಿಸಿದ ಮೇಲೆಯೇ ಗುಂಡಿಯು ಕೆಲಸ ಮಾಡುವದು. ಅದಕ್ಕೆ ಮುಂಚೆ ಒತ್ತಿದವರ ಗುಂಡಿಯು ಒಂದು ಸೆಕೆಂಡಿನ ಕಾಲುಭಾಗದಷ್ಟು ಹೊತ್ತು ನಿಷ್ಫಲವಾಗುವದು. ಕಾಲು ಸೆಕೆಂಡೆಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೂ ಅಷ್ಟರಲ್ಲಿ ಪಕ್ಕದವರು ಉತ್ತರಿಸಿಬಿಡುತ್ತಾರೆ. ಹೀಗೆ ಒಂದು ಚಿಕ್ಕ ಕಟ್ಟಳೆಯು, ಪೂರ್ತಿ ಕೇಳಿಸಿಕೊಳ್ಳದೆ ಮಾತಾಡಬಾರದೆಂಬ ಹಿರಿಯರ ಬುದ್ಧಿವಾದವನ್ನು ಯಂತ್ರದೊಳಗೆ ಕೂಡಿಸಿಟ್ಟಿತು.

ಇದರಲ್ಲಿಯೂ ಒಂದು ಓರೆಯುಂಟು. ಮೂವರಿಗೂ ಉತ್ತರ ತಿಳಿದಿರುವಾಗ ಗೆಲ್ಲುವದು ವಿದ್ಯೆಗಿಂತ ಹೆಚ್ಚಾಗಿ ಬೆರಳಿನ ಕಾಲಜ್ಞಾನ. ೨೦೦೪ರಲ್ಲಿ ಕೆನ್ ಜೆನ್ನಿಂಗ್ಸ್ ಎಂಬವರು ಎಡೆಬಿಡದೆ ೭೪ ಆಟಗಳನ್ನು ಗೆದ್ದರು. ಅವರ ಪಾಂಡಿತ್ಯವು ನಿಜವೇ, ಆದರೆ ಗುಂಡಿಯನ್ನು ಒತ್ತುವ ಸಮಯವನ್ನು ಅರಿತದ್ದೂ ಆ ಜಯದಲ್ಲಿ ಪಾಲು ಪಡೆದಿತ್ತು. ಇದಲ್ಲದೆ ಆ ಆಟದಲ್ಲಿ ತಪ್ಪು ಹೇಳಿದರೆ ಹಣ ಕಳೆಯುತ್ತದೆ. ಆದುದರಿಂದ ಅರೆಬರೆ ತಿಳಿದವರು ಸುಮ್ಮನಿರುವದೇ ಲೇಸೆಂದು ಎಣಿಸುತ್ತಾರೆ. ಯಾವ ನಿಯಮವೂ ಎಲ್ಲಾ ವಿಧದ ಜ್ಞಾನವನ್ನು ಸಮವಾಗಿ ತೂಗುವದಿಲ್ಲ. ಒಂದು ನಿಯಮವು ವೇಗವನ್ನು, ಇನ್ನೊಂದು ಧೈರ್ಯವನ್ನು, ಮತ್ತೊಂದು ಎಚ್ಚರಿಕೆಯನ್ನು ಮೇಲಕ್ಕೆತ್ತುತ್ತದೆ. ಆಟದಲ್ಲಿ ಸೋತವರನ್ನು ದಡ್ಡರೆಂದು ತೀರ್ಮಾನಿಸುವ ಮೊದಲು ಆ ಆಟವು ಏನನ್ನು ತೂಗಿತೆಂದು ಕೇಳಿಕೊಳ್ಳುವದು ನ್ಯಾಯ.

ಕಪ್ಪು ಕುರ್ಚಿ

ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯಲ್ಲಿ ೧೯೭೨ರಲ್ಲಿ ‘ಮಾಸ್ಟರ್‌ಮೈಂಡ್’ ಆರಂಭವಾಯಿತು. ಅದನ್ನು ಕಲ್ಪಿಸಿದ ಬಿಲ್ ರೈಟ್ ಎಂಬವರು ಎರಡನೆಯ ಮಹಾಯುದ್ಧದಲ್ಲಿ ವಿಮಾನದಳದವರಾಗಿದ್ದು ಜರ್ಮನಿಯವರ ಕೈಗೆ ಸೆರೆಸಿಕ್ಕಿದವರು. ಅಲ್ಲಿಯ ಗುಪ್ತ ಪೊಲೀಸರ ವಿಚಾರಣೆಯಲ್ಲಿ ಸೆರೆಯಾಳು ತನ್ನ ಹೆಸರು, ಪದವಿ, ಅಂಕೆ ಈ ಮೂರನ್ನೇ ಹೇಳಬೇಕಾಗಿತ್ತು. ಆ ಭಯದ ನೆನಪೇ ಆಟದ ರೂಪವಾಯಿತು. ಕತ್ತಲೆಯ ನಡುವೆ ಒಂದು ಕಪ್ಪು ಕುರ್ಚಿ, ಅದರ ಮೇಲೆ ಬೆಳಕು. ಕುಳಿತವರು ಹೇಳತಕ್ಕದ್ದು ಹೆಸರು, ಉದ್ಯೋಗ, ತಾವು ಆರಿಸಿಕೊಂಡ ವಿಷಯ.

ಇಷ್ಟು ಭಯಂಕರವಾದ ಏರ್ಪಾಡು ಜನರಿಗೆ ಪ್ರಿಯವಾದದ್ದು ಹೇಗೆ? ಕೇಳುವವರ ರೀತಿಯಿಂದಲೇ ಎಂದು ನನಗೆ ತೋರುತ್ತದೆ. ೧೯೭೨ರಿಂದ ೧೯೯೭ರ ವರೆಗೆ ಪ್ರಶ್ನೆ ಕೇಳಿದ ಮ್ಯಾಗ್ನಸ್ ಮ್ಯಾಗ್ನಸ್ಸನ್ನರು ಐಸ್‌ಲೆಂಡಿನಲ್ಲಿ ಹುಟ್ಟಿ ಸ್ಕಾಟ್‌ಲೆಂಡಿನಲ್ಲಿ ಬೆಳೆದವರು. ಅವರು ಎಲ್ಲರಿಗೂ ಒಂದೇ ಧ್ವನಿಯಿಂದ, ಒಂದೇ ಸ್ಪಷ್ಟತೆಯಿಂದ ಕೇಳುತ್ತಿದ್ದರು. ತಪ್ಪಾದರೆ ಸರಿಯುತ್ತರವನ್ನು ಹೇಳಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಅಪಹಾಸ್ಯವಿಲ್ಲ, ಕನಿಕರದ ಪ್ರದರ್ಶನವೂ ಇಲ್ಲ. ಪ್ರಶ್ನೆಯ ಮಧ್ಯದಲ್ಲಿ ಅವಧಿ ಮುಗಿದ ಗಂಟೆ ಬಾರಿಸಿದರೆ, ಆರಂಭಿಸಿದ್ದೇನೆ, ಮುಗಿಸುತ್ತೇನೆ ಎಂದು ಹೇಳಿ ಪೂರ್ತಿ ಕೇಳಿ, ಉತ್ತರಕ್ಕೂ ಅವಕಾಶ ಕೊಡುತ್ತಿದ್ದರು. ಆ ಮಾತು ಆ ದೇಶದಲ್ಲಿ ಗಾದೆಯಂತಾಯಿತು. ಅದರಲ್ಲಿ ನಿಯಮವೂ ಇದೆ, ಸೌಜನ್ಯವೂ ಇದೆ. ಕೇಳಲು ಹೊರಟ ಪ್ರಶ್ನೆಯು ಸ್ಪರ್ಧಿಯ ಹಕ್ಕು. ಗಡಿಯಾರದ ನೆವದಿಂದ ಅದನ್ನು ಕಸಿದುಕೊಳ್ಳಲಾಗದು.

ಇನ್ನೊಂದು ನಿಯಮವು ‘ಪಾಸ್’ ಎಂಬುವದು. ತಿಳಿಯದವರು ಪಾಸ್ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗಬಹುದು; ಬಿಟ್ಟವುಗಳ ಉತ್ತರವನ್ನು ಕೊನೆಗೆ ಹೇಳುತ್ತಾರೆ. ಇಬ್ಬರ ಅಂಕಗಳು ಸಮವಾದರೆ ಕಡಮೆ ಪ್ರಶ್ನೆಗಳನ್ನು ಬಿಟ್ಟವರಿಗೆ ಜಯ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವದು ನಾಚಿಕೆಯಲ್ಲ, ಆದರೆ ಅದು ಅಭ್ಯಾಸವಾಗಿಬಿಡಬಾರದು ಎಂಬ ಎರಡೂ ಬುದ್ಧಿಗಳು ಈ ಒಂದೇ ಕಟ್ಟಳೆಯಲ್ಲಿ ಅಡಗಿವೆ.

ಇಂಥ ನ್ಯಾಯದ ಫಲವೇನಾಯಿತೆಂದು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ತಿಳಿಯಬೇಕು. ಆ ಆಟದ ಮೊದಲ ಮೂರು ವರ್ಷಗಳ ವಿಜಯಿಗಳು ಮೂವರೂ ಸ್ತ್ರೀಯರು: ೧೯೭೨ರಲ್ಲಿ ನ್ಯಾನ್ಸಿ ವಿಲ್ಕಿನ್‌ಸನ್, ೧೯೭೩ರಲ್ಲಿ ಪ್ಯಾಟ್ರೀಷಿಯಾ ಓವೆನ್, ೧೯೭೪ರಲ್ಲಿ ಎಲಿಜಬೆತ್ ಹಾರಕ್ಸ್. ೧೯೮೦ರಲ್ಲಿ ಗೆದ್ದ ಫ್ರೆಡ್ ಹೌಸ್‌ಗೋ ಅವರು ಲಂಡನ್ನಿನಲ್ಲಿ ಟ್ಯಾಕ್ಸಿ ನಡಿಸುವವರು. ಕಪ್ಪು ಕುರ್ಚಿಯು ಕುಳಿತವರ ಕುಲವನ್ನಾಗಲಿ ಕಾಲೇಜನ್ನಾಗಲಿ ಕೇಳಲಿಲ್ಲ. ಉದ್ಯೋಗವನ್ನು ಕೇಳಿತು, ಆದರೆ ಅದಕ್ಕೆ ಅಂಕ ಕೊಡಲಿಲ್ಲ.

ಒಂದೇ ಆಟ, ಬೇರೆ ಬೇರೆ ನಿರೂಪಕರು

ನಿಯಮವು ಒಂದೇ ಆಗಿದ್ದು ಕೇಳುವವರು ಬದಲಾದರೆ ಆಟವೂ ಬದಲಾಗುವದೋ? ಇದನ್ನು ಪರೀಕ್ಷಿಸಲು ಎರಡು ಒಳ್ಳೇ ಉದಾಹರಣೆಗಳಿವೆ. ಇಂಗ್ಲೆಂಡಿನ ‘ಯೂನಿವರ್ಸಿಟಿ ಚಾಲೆಂಜ್’ ೧೯೬೨ರಲ್ಲಿ ಹುಟ್ಟಿತು. ನಾಲ್ಕು ನಾಲ್ಕು ವಿದ್ಯಾರ್ಥಿಗಳ ಎರಡು ತಂಡಗಳು. ಮೊದಲ ಪ್ರಶ್ನೆಗೆ ಒಬ್ಬರೊಡನೊಬ್ಬರು ಮಾತಾಡದೆ ತಾವೇ ಗುಂಡಿಯೊತ್ತಿ ಉತ್ತರಿಸಬೇಕು; ಸರಿಯಾದರೆ ೧೦ ಅಂಕ, ಪ್ರಶ್ನೆ ಮುಗಿಯುವ ಮೊದಲೇ ಬಾಯಿ ಹಾಕಿ ತಪ್ಪಿದರೆ ೫ ಅಂಕ ನಷ್ಟ. ಗೆದ್ದ ತಂಡಕ್ಕೆ ಐದೈದು ಅಂಕಗಳ ಮೂರು ಪ್ರಶ್ನೆಗಳು. ಇವುಗಳಿಗೆ ನಾಲ್ವರೂ ಕೂಡಿ ಆಲೋಚಿಸಬಹುದು, ಸಾಮಾನ್ಯವಾಗಿ ನಾಯಕರು ಉತ್ತರ ಹೇಳುತ್ತಾರೆ. ಒಂಟಿಯಾಗಿ ನಿಲ್ಲುವ ಧೈರ್ಯ, ಜೊತೆಯವರ ಮಾತನ್ನು ಕೇಳುವ ವಿನಯ, ಎರಡನ್ನೂ ಈ ನಿಯಮವು ಬೇಡುತ್ತದೆ. ೧೯೮೭ರ ವರೆಗೆ ಕೇಳಿದ ಬ್ಯಾಂಬರ್ ಗ್ಯಾಸ್ಕಾಯ್ನರು ಸೌಮ್ಯರು. ತಪ್ಪಿದವರ ಬಗ್ಗೆ ಅವರಿಗೆ ಸಹಾನುಭೂತಿ ಇದ್ದಂತೆ ಕಾಣುತ್ತಿತ್ತು. ೧೯೯೪ರಿಂದ ೨೦೨೩ರ ವರೆಗೆ ಕೇಳಿದ ಜೆರೆಮಿ ಪ್ಯಾಕ್ಸ್‌ಮನ್ನರು ರಾಜಕಾರಣಿಗಳನ್ನು ಗಟ್ಟಿಯಾಗಿ ಪ್ರಶ್ನಿಸಿ ಹೆಸರಾದ ಪತ್ರಕರ್ತರು. ಉತ್ತರ ತಡವಾದರೆ ಅವಸರಪಡಿಸುವರು, ತಪ್ಪು ವಿಚಿತ್ರವಾಗಿದ್ದರೆ ಹುಬ್ಬೇರಿಸುವರು. ಕೆಲವರಿಗೆ ಅದು ರುಚಿಸಿತು, ಕೆಲವರಿಗೆ ಚುಚ್ಚಿತು. ಪ್ರಶ್ನೆಗಳ ಕಟ್ಟು ಅದೇ. ಆದರೆ ಮೊದಲನೆಯವರ ಮುಂದೆ ವಿದ್ಯಾರ್ಥಿಗಳು ಅತಿಥಿಗಳಂತೆ ಕಂಡರು, ಎರಡನೆಯವರ ಮುಂದೆ ಪರೀಕ್ಷೆಗೆ ನಿಂತವರಂತೆ ಕಂಡರು.

ಈ ಆಟದಲ್ಲಿ ೨೦೦೯ರಲ್ಲಿ ನಡೆದದ್ದನ್ನು ಹೆಣ್ಣುಮಕ್ಕಳ ತಾಯಿತಂದೆಗಳು ಮರೆಯಬಾರದು. ಆಕ್ಸ್‌ಫರ್ಡಿನ ಕಾರ್ಪಸ್ ಕ್ರಿಸ್ಟಿ ಕಾಲೇಜಿನ ತಂಡಕ್ಕೆ ಗೇಲ್ ಟ್ರಿಂಬಲ್ ಎಂಬ ಯುವತಿಯು ನಾಯಕಿಯಾಗಿದ್ದರು. ತಂಡವು ಗಳಿಸಿದ ಅಂಕಗಳಲ್ಲಿ ಬಹುಭಾಗವು ಅವರದೇ. ಹುಡುಗನೊಬ್ಬನು ಹಾಗೆ ಉತ್ತರಿಸಿದ್ದರೆ ಮೇಧಾವಿಯೆಂದು ಹೊಗಳಿ ಬಿಡುತ್ತಿದ್ದರು. ಇವರನ್ನು ಹೊಗಳಿದವರು ಇದ್ದಂತೆಯೇ, ಗರ್ವಿಷ್ಠಳೆಂದು ಹಳಿದವರೂ ರೂಪವನ್ನು ಕುರಿತು ಅಸಭ್ಯವಾಗಿ ಬರೆದವರೂ ಇದ್ದರು. ಆ ತಂಡವು ಅಂತಿಮ ಪಂದ್ಯವನ್ನು ಗೆದ್ದಿತು. ಆದರೆ ತಂಡದವರಲ್ಲಿ ಇನ್ನೊಬ್ಬರು ಸ್ಪರ್ಧೆ ಮುಗಿಯುವದಕ್ಕೆ ಮೊದಲೇ ವಿದ್ಯಾರ್ಥಿಯಾಗಿ ಉಳಿದಿರಲಿಲ್ಲವೆಂದು ತಿಳಿದದ್ದರಿಂದ, ನಿಯಮದಂತೆ ಜಯವನ್ನು ಹಿಂತೆಗೆದುಕೊಂಡು ಮ್ಯಾಂಚೆಸ್ಟರಿನ ತಂಡಕ್ಕೆ ಕೊಟ್ಟರು. ನಿಯಮವು ಗೆದ್ದವರಿಗೂ ನಿಯಮವೇ, ಅದು ಸರಿ. ಆದರೆ ಹುಡುಗಿಗೆ ತಿಳಿದಿರುವದೇ ತಪ್ಪೆಂಬಂತೆ ಹೊರಗಿನವರು ಆಡಿದ ಮಾತಿಗೆ ಯಾವ ನಿಯಮವೂ ಇರಲಿಲ್ಲ. ಆ ಮಾತಿನ ಹೊಣೆಯು ನೋಡುವವರಾದ ನಮ್ಮ ಮೇಲೆ ಇರುತ್ತದೆ.

ಎರಡನೆಯ ಉದಾಹರಣೆಯು ನಮ್ಮ ದೇಶದ್ದು. ೧೯೯೮ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಎಂಬ ಆಟವು ಹಳೇ ಕಟ್ಟಳೆಗಳನ್ನು ಬದಲಿಸಿತು. ಮೊದಲಿಗೆ ಉತ್ತರಕ್ಕೆ ಕಾಲದ ಮಿತಿಯೇ ಇರಲಿಲ್ಲ. ಪ್ರಶ್ನೆಯನ್ನು ನೋಡಿದ ಮೇಲೆಯೂ ಬಂದ ಹಣದೊಂದಿಗೆ ಆಟವನ್ನು ಬಿಡಬಹುದಾಗಿತ್ತು. ಮೂರು ಸಾರಿ ಸಹಾಯ ಕೇಳಬಹುದಾಗಿತ್ತು: ಎರಡು ತಪ್ಪುತ್ತರಗಳನ್ನು ತೆಗೆಸುವದು, ಗೆಳೆಯರಿಗೆ ಫೋನ್ ಮಾಡುವದು, ಸಭಿಕರ ಅಭಿಪ್ರಾಯ ಕೇಳುವದು. ಇದೇ ನಿಮ್ಮ ಕೊನೆಯ ಉತ್ತರವೋ ಎಂದು ನಿರೂಪಕರು ಕೇಳಿ, ಹೌದೆನಿಸಿಕೊಂಡ ಮೇಲೆಯೇ ತೀರ್ಪು. ವೇಗವಿಲ್ಲದ್ದರಿಂದ, ಮನುಷ್ಯನು ಯೋಚಿಸುವದೇ ನೋಡತಕ್ಕ ವಸ್ತುವಾಯಿತು. ಸಹಾಯ ಕೇಳುವದು ಅಪಮಾನವಲ್ಲವೆಂಬದೂ ಆಟದ ಅಂಗವಾಯಿತು. ೨೦೦೦ನೆಯ ನವಂಬರದಲ್ಲಿ ಆ ದೇಶದಲ್ಲಿ ಹತ್ತು ಲಕ್ಷ ಪೌಂಡುಗಳನ್ನು ಮೊದಲು ಗೆದ್ದವರು ಜೂಡಿತ್ ಕೆಪ್ಪೆಲ್ ಎಂಬ ಸ್ತ್ರೀ.

ನಮ್ಮಲ್ಲಿ ಇದೇ ಆಟವು ೨೦೦೦ನೆಯ ಜುಲೈ ೩ರಂದು ‘ಕೌನ್ ಬನೇಗಾ ಕರೋಡ್‌ಪತಿ’ ಎಂಬ ಹೆಸರಿನಿಂದ ಹಿಂದಿಯಲ್ಲಿ ಆರಂಭವಾಯಿತು. ನಿರೂಪಕರಾದ ಅಮಿತಾಭ್ ಬಚ್ಚನ್ನರು ಚಲನಚಿತ್ರಗಳಲ್ಲಿ ಕೋಪಿಷ್ಠ ತರುಣನಾಗಿ ಹೆಸರಾದವರು. ಇಲ್ಲಿ ಮನೆಯ ಹಿರಿಯರಂತೆ ನಡೆದುಕೊಂಡರು. ಶುದ್ಧವಾದ ಹಿಂದಿ, ಚಿಕ್ಕವರಿಗೂ ಬಹುವಚನ, ಬಂದವರ ಊರು-ಮನೆಯ ವಿಚಾರಣೆ, ಅಂಜಿದವರಿಗೆ ನೀರು, ಸೋತವರಿಗೆ ಆದರದ ಬೀಳ್ಕೊಡುಗೆ. ೨೦೦೭ರಲ್ಲಿ ಅವರ ಸ್ಥಾನಕ್ಕೆ ಶಾರುಖ್ ಖಾನರು ಬಂದರು. ಆಟದ ಕಟ್ಟು ಬಹುಮಟ್ಟಿಗೆ ಅದೇ. ಖಾನರು ಚುರುಕು, ಸ್ನೇಹಪರ, ಹಾಸ್ಯಪ್ರಿಯ; ಸ್ಪರ್ಧಿಗಳನ್ನು ಸಮವಯಸ್ಕರಂತೆ ಅಪ್ಪಿಕೊಳ್ಳುತ್ತಿದ್ದರು. ಅದು ದೋಷವೆಂದು ಹೇಳಲಾರೆವು. ಆದರೂ ಆ ವರ್ಷ ಆಟಕ್ಕೆ ಮೊದಲಿನಷ್ಟು ಆದರ ದೊರೆಯಲಿಲ್ಲ. ೨೦೧೦ರಲ್ಲಿ ಬಚ್ಚನ್ನರೇ ಮರಳಿ ಬಂದರು. ಅಷ್ಟು ದೊಡ್ಡ ಹಣದ ಮುಂದೆ ಕುಳಿತ ಸಾಮಾನ್ಯ ಮನುಷ್ಯನಿಗೆ ನಗಿಸುವ ಗೆಳೆಯನಿಗಿಂತ ಧೈರ್ಯ ಹೇಳುವ ಹಿರಿಯರು ಬೇಕಾಗಿದ್ದರೆಂದು ನಾನು ಊಹಿಸುವೆನು. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಎಂಬ ಅಲ್ಪ ಸಂಬಳದ ನೌಕರರು ೨೦೧೧ರಲ್ಲಿ ಐದು ಕೋಟಿ ರೂಪಾಯಿ ಗೆದ್ದಾಗ, ಅವರಿಗೆ ಕುರ್ಚಿ ಕೊಟ್ಟು ಗೌರವದಿಂದ ಮಾತಾಡಿಸಿದ ರೀತಿಯನ್ನು ದೇಶವು ನೋಡಿತು.

ಚುಚ್ಚುವ ಆಟ

ಇದಕ್ಕೆ ವಿರುದ್ಧವಾದ ಪ್ರಯೋಗವೂ ಆಗಿದೆ. ‘ದಿ ವೀಕೆಸ್ಟ್ ಲಿಂಕ್’ ಎಂಬ ಆಟವು ೨೦೦೦ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಸ್ಪರ್ಧಿಗಳೆಲ್ಲರೂ ಕೂಡಿ ಹಣ ಗಳಿಸಬೇಕು. ಆದರೆ ಪ್ರತಿ ಸುತ್ತಿನ ಕೊನೆಗೆ ತಮ್ಮಲ್ಲಿ ಒಬ್ಬರನ್ನು ಮತ ಹಾಕಿ ಹೊರಗೆ ಕಳುಹಿಸಬೇಕು. ನಿರೂಪಕಿ ಆ್ಯನ್ ರಾಬಿನ್‌ಸನ್ನರು ಹೊರಬೀಳುವವರನ್ನು ನಿರ್ದಯವಾದ ಮಾತಿನಿಂದ ಬೀಳ್ಕೊಡುತ್ತಿದ್ದರು. ಅದೇ ಆ ಆಟದ ಆಕರ್ಷಣೆ. ನಿಯಮದ ಪರಿಣಾಮವನ್ನು ನೋಡಿರಿ. ಮೊದಲ ಸುತ್ತುಗಳಲ್ಲಿ ತಿಳಿಯದವರನ್ನು ಹೊರಗೆ ಹಾಕುವದು ಲಾಭ; ಕೊನೆಗೆ ಬರುತ್ತಲೇ ಹೆಚ್ಚು ತಿಳಿದವರನ್ನು ಹೊರಗೆ ಹಾಕುವದು ಲಾಭ. ಹೀಗೆ ಒಬ್ಬರ ವಿದ್ಯೆಯೇ ಅವರಿಗೆ ವೈರಿಯಾಗಬಹುದು. ಇದರ ಹಿಂದಿ ರೂಪವು ನಮ್ಮ ದೇಶದಲ್ಲಿ ೨೦೦೧ರಲ್ಲಿ ಬಂದು ಬಹುಕಾಲ ನಿಲ್ಲಲಿಲ್ಲ. ಅದೇ ಕಾಲದಲ್ಲಿ ಬಚ್ಚನ್ನರ ಆದರದ ಆಟವನ್ನು ಮೆಚ್ಚಿಕೊಂಡಿದ್ದ ಜನರಿಗೆ ಈ ಚುಚ್ಚು ಮಾತು ಹಿಡಿಸದಿದ್ದದ್ದು ಆಶ್ಚರ್ಯವಲ್ಲ.

ಕನ್ನಡದ ಮನೆಯಲ್ಲಿ

ಕನ್ನಡಿಗರಿಗೆ ರಸಪ್ರಶ್ನೆಯೆಂದ ಕೂಡಲೆ ನೆನಪಿಗೆ ಬರುವದು ‘ಥಟ್ ಅಂತ ಹೇಳಿ’. ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ೨೦೦೨ರಲ್ಲಿ ಆರಂಭವಾದ ಈ ಕಾರ್ಯಕ್ರಮವು ಸಾವಿರಾರು ಕಂತುಗಳನ್ನು ದಾಟಿದೆ. ಅದನ್ನು ನಡಿಸಿಕೊಂಡು ಬಂದ ಡಾಕ್ಟರ್ ನಾ. ಸೋಮೇಶ್ವರರು ವೃತ್ತಿಯಿಂದ ವೈದ್ಯರು, ಪ್ರವೃತ್ತಿಯಿಂದ ಲೇಖಕರು. ಇಲ್ಲಿ ಸರಿಯುತ್ತರಕ್ಕೆ ಸಿಕ್ಕುವದು ಕನ್ನಡದ ಪುಸ್ತಕಗಳು. ಈ ಒಂದು ನಿಯಮವು ಆಟದ ಸ್ವಭಾವವನ್ನೇ ನಿರ್ಣಯಿಸಿಬಿಟ್ಟಿದೆ. ಕೋಟಿ ರೂಪಾಯಿಯ ಮುಂದೆ ಕುಳಿತವರ ಕೈ ನಡುಗುವದು ಸಹಜ. ಪುಸ್ತಕದ ಮುಂದೆ ಕುಳಿತವರು ನಗುತ್ತಲೇ ತಪ್ಪಬಹುದು. ಹೆಸರಿನಲ್ಲಿ ಥಟ್ಟನೆ ಹೇಳಬೇಕೆಂಬ ಅವಸರವಿದ್ದರೂ, ನಿರೂಪಕರು ಉತ್ತರದ ಹಿಂದಿನ ಸಂಗತಿಯನ್ನು ಸಮಾಧಾನವಾಗಿ ವಿವರಿಸುತ್ತಾರೆ; ಆದುದರಿಂದ ತಪ್ಪು ಹೇಳಿದವರೂ ಮನೆಯಲ್ಲಿ ನೋಡುವವರೂ ಏನನ್ನಾದರೂ ಕಲಿತುಕೊಳ್ಳುತ್ತಾರೆ. ೨೦೧೨ರಲ್ಲಿ ಬಂದ ‘ಕನ್ನಡದ ಕೋಟ್ಯಧಿಪತಿ’ಯಲ್ಲಿ ಪುನೀತ್ ರಾಜ್‌ಕುಮಾರರು ದೊಡ್ಡ ಹಣದ ಅದೇ ಆಟವನ್ನು ಮನೆಮಗನ ಸರಳತೆಯಿಂದ ನಡಿಸಿದರು. ೨೦೨೧ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡಾಗ ದುಃಖಪಟ್ಟವರಲ್ಲಿ ಅವರ ಆ ನಡತೆಯನ್ನು ನೆನಸಿದವರು ಅನೇಕರು.

ನಮ್ಮ ಮನೆಗೂ ಶಾಲೆಗೂ

ಇಷ್ಟನ್ನು ಬರೆಯುವದಕ್ಕೆ ನನಗೆ ಒಂದು ಕಾರಣ ಉಂಟು. ಬಹಳ ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ರಸಪ್ರಶ್ನೆಯನ್ನು ನಾನು ನಡಿಸುತ್ತಿದ್ದೆನು. ಏಳನೆಯ ತರಗತಿಯ ಹುಡುಗಿಯೊಬ್ಬಳು ಕೈಯೆತ್ತಿ, ಕಾವೇರಿಯ ಹುಟ್ಟನ್ನು ಕೇಳಿದರೆ ಕೃಷ್ಣೆಯ ಹುಟ್ಟನ್ನು ಹೇಳಿದಳು. ಇಷ್ಟೂ ಗೊತ್ತಿಲ್ಲವೇ ಎಂದು ನಾನು ನಗೆಯಾಡಿದೆನು, ಸಭೆಯೂ ನಕ್ಕಿತು. ಅವಳೂ ನಕ್ಕಂತೆ ಮಾಡಿ ಕುಳಿತಳು. ಆ ವರ್ಷವೆಲ್ಲಾ ಅವಳ ಕೈ ಪುನಃ ಮೇಲಕ್ಕೆ ಏಳಲಿಲ್ಲ. ವರ್ಷದ ಕೊನೆಗೆ ಅವಳ ಉತ್ತರ ಪತ್ರಿಕೆಗಳನ್ನು ತಿದ್ದುವಾಗ, ನಾನು ತರಗತಿಯಲ್ಲಿ ಕೇಳಿದ ಎಷ್ಟೋ ಪ್ರಶ್ನೆಗಳ ಉತ್ತರವು ಅವಳಿಗೆ ತಿಳಿದಿತ್ತೆಂದು ಕಂಡುಬಂತು. ಜ್ಞಾನವು ಅವಳಲ್ಲಿತ್ತು, ಅದು ಹೊರಗೆ ಬರುವ ಬಾಗಿಲನ್ನು ನಾನು ಒಂದು ಮಾತಿನಿಂದ ಮುಚ್ಚಿದ್ದೆನು. ಅವಳ ಕ್ಷಮೆ ಕೇಳಲು ನನಗೆ ತೋಚುವಷ್ಟರಲ್ಲಿ ಅವಳ ತಂದೆಗೆ ವರ್ಗವಾಗಿ ಅವರು ಊರು ಬಿಟ್ಟಿದ್ದರು.

ಆದುದರಿಂದ ಮಕ್ಕಳನ್ನು ಪ್ರಶ್ನಿಸುವ ತಾಯಿತಂದೆಗಳಿಗೂ, ಈಗ ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೇ ವಿದ್ಯಾರ್ಥಿನಿಯರಿಗೂ, ಮೇಲಿನ ಆಟಗಳಿಂದ ಆಯ್ದ ಐದು ಮಾತುಗಳನ್ನು ಅರಿಕೆಮಾಡುವೆನು.

೧. ನಿಯಮವನ್ನು ಮೊದಲೇ ಎಲ್ಲರಿಗೂ ತಿಳಿಸಿರಿ. ಆಟದ ನಡುವೆ ಒಬ್ಬರಿಗಾಗಿ ಬದಲಿಸಬೇಡಿರಿ. ತಮ್ಮ ಮಗುವು ಗೆಲ್ಲಲೆಂದು ಉತ್ತರವನ್ನು ಮುಂಚಿತವಾಗಿ ಕಿವಿಯಲ್ಲಿ ಹೇಳುವದು ಅದರ ನಿಜವಾದ ವಿದ್ಯೆಗೆ ಮಾಡುವ ಅಪಮಾನವು.

೨. ಪ್ರಶ್ನೆಯನ್ನು ಪೂರ್ತಿ ಹೇಳಿರಿ, ಉತ್ತರವನ್ನು ಪೂರ್ತಿ ಕೇಳಿರಿ. ಎಲ್ಲರಿಗಿಂತ ಮೊದಲು ಕೂಗುವ ಮಗುವಿಗೇ ಯಾವಾಗಲೂ ಅವಕಾಶ ಕೊಟ್ಟರೆ, ನಿಧಾನವಾಗಿ ಯೋಚಿಸುವ ಮಗುವಿಗೆ ಏನು ತಿಳಿದಿದೆಯೆಂಬದು ನಿಮಗೆ ಎಂದೂ ತಿಳಿಯದು.

೩. ಗೊತ್ತಿಲ್ಲವೆಂದು ಹೇಳುವದಕ್ಕೂ ಸಹಾಯ ಕೇಳುವದಕ್ಕೂ ಸ್ಥಳವನ್ನು ಇಡಿರಿ. ಅದಕ್ಕೆ ಅವಮಾನವಾದಲ್ಲಿ ಮಕ್ಕಳು ಸುಳ್ಳು ಹೇಳಲು ಕಲಿಯುತ್ತಾರೆ.

೪. ತಪ್ಪುತ್ತರವನ್ನು ತಿದ್ದಿರಿ; ತಪ್ಪಿದವಳನ್ನು ಹಳಿಯಬೇಡಿರಿ. ಸರಿಯುತ್ತರವನ್ನು ಹೇಳಿ, ಅದರ ಕಾರಣವನ್ನೂ ಹೇಳಿದರೆ, ತಪ್ಪು ಸಹ ಒಂದು ಪಾಠವಾಗುವದು.

೫. ಹುಡುಗಿಯು ತಿಳಿದಿರುವದನ್ನು ಧೈರ್ಯವಾಗಿ ಹೇಳಿದರೆ ಅದನ್ನು ಗರ್ವವೆಂದು ಎಣಿಸಬೇಡಿರಿ. ನಮ್ಮ ಹಿರಿಯರು ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲನ್ನು ತೆರೆದದ್ದು ಅವರು ತಿಳಿದುಕೊಂಡು ಬಾಯಿ ಮುಚ್ಚಿಕೊಂಡಿರಲೆಂದು ಅಲ್ಲ.

ಹನ್ನೆರಡು ವರ್ಷದ ಬಾಲಕನಾಗಿದ್ದ ಯೇಸುಸ್ವಾಮಿಯು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಕೇಳುತ್ತಲೂ ಪ್ರಶ್ನಿಸುತ್ತಲೂ ಇದ್ದದ್ದನ್ನು ಸುವಾರ್ತೆಯಲ್ಲಿ ಓದುತ್ತೇವೆ. ಆ ಬೋಧಕರ ಹೆಸರುಗಳು ನಮಗೆ ತಿಳಿಯವು. ಆದರೂ ಒಂದು ವಿಷಯಕ್ಕೆ ಅವರನ್ನು ಮೆಚ್ಚಬೇಕು: ಊರು ತಿಳಿಯದ ಒಬ್ಬ ಬಡಗಿಯ ಮಗನನ್ನು ಅವರು ಗದರಿಸಿ ಕಳುಹಿಸಲಿಲ್ಲ, ತಮ್ಮ ಮಧ್ಯದಲ್ಲಿ ಕುಳಿತುಕೊಳ್ಳಗೊಟ್ಟರು, ಅವನ ಉತ್ತರಗಳನ್ನು ಕೇಳಿ ಆಶ್ಚರ್ಯಪಟ್ಟರು. ಇಂದು ಸಾಯಂಕಾಲ ನಿಮ್ಮ ಮನೆಯ ಮಗುವಿಗೆ ಒಂದು ಪ್ರಶ್ನೆಯನ್ನು ಹಾಕಿರಿ. ಉತ್ತರ ಬರುವ ವರೆಗೆ ಕಾದಿರಿ. ತಪ್ಪಾದರೆ ನಗಬೇಡಿರಿ. ನಾಳೆಯೂ ಆ ಮಗುವಿನ ಕೈ ಮೇಲಕ್ಕೆ ಏಳುವದಾದರೆ, ನೀವು ಕೇಳಿದ ರೀತಿಯು ಸರಿಯಾಗಿತ್ತೆಂದು ತಿಳಿಯಿರಿ.